ನಾಲ್ಕನೇ ನಂಬರಿನ ಡ್ರಮ್ಮು

ಮಾರ್ಚ್ ೪, ಸೋಮವಾರ

ಇವತ್ತು ಒಂದು ತಪ್ಪಾಗಿದೆ. ಆಗಿದೆಯೋ ಇಲ್ಲವೋ, ಅದೇ ಗೊತ್ತಾಗುತ್ತಿಲ್ಲ. ಬರೆದುಬಿಟ್ಟರೆ ತಲೆಯೊಳಗೆ ಸುತ್ತೋದು ನಿಲ್ಲಬಹುದು ಅಂತ ಬರೀತಾ ಇದ್ದೀನಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಅದೂ ಅರ್ಧ ವರ್ಷಕ್ಕೆ. ಹೇಗೆ ಬರೆದರೂ ಓದೋಳು ನಾನೊಬ್ಬಳೇ ತಾನೆ.

ನನ್ನ ಕೆಲಸ ಆಸ್ಪತ್ರೆಯ ಆವಿಕೋಣೆಯಲ್ಲಿ. ಆಪರೇಷನ್ ಥಿಯೇಟರಿಗೆ ಹೋಗೋ ಬಟ್ಟೆ, ಹತ್ತಿ, ಗಾಯ ಒರೆಸೋ ತುಂಡು, ಎಲ್ಲ ದುಂಡನೆಯ ಸ್ಟೀಲ್ ಡ್ರಮ್ಮಿಗೆ ತುಂಬಿ ಆವಿ ಮೆಷಿನ್ನಿಗೆ ಇಡಬೇಕು. ಡ್ರಮ್ಮಿನ ಸುತ್ತ ಕಿಂಡಿಗಳಿರುತ್ತವೆ, ಅದರ ಮೇಲೆ ಜಾರೋ ಪಟ್ಟಿ. ಒಳಗಿಡೋ ಮುಂಚೆ ಪಟ್ಟಿ ಸರಿಸಿ ಕಿಂಡಿ ತೆರೀಬೇಕು, ಆವಿ ಒಳಗೆ ಹೋಗಿ ಕ್ರಿಮಿ ಸಾಯಲಿ ಅಂತ. ತೆಗೆದ ಮೇಲೆ ಮುಚ್ಚಬೇಕು. ಹದಿನಾರು ವರ್ಷದಿಂದ ಇದೇ ಕೆಲಸ. ಕಣ್ಣು ಮುಚ್ಚಿಕೊಂಡು ಮಾಡ್ತೀನಿ.

ಬೆಳಿಗ್ಗೆ ನಾಲ್ಕನೇ ನಂಬರಿನ ಡ್ರಮ್ ತುಂಬ್ತಾ ಇದ್ದಾಗ ಮಗಳ ಫೋನು. ಹಾಲ್ ಟಿಕೆಟ್ ಸಿಗ್ತಿಲ್ಲ ಅಂತ ಅಳು. ಕಪಾಟು ನೋಡು, ದಿಂಬಿನ ಕೆಳಗೆ ನೋಡು ಅಂತ ಹೇಳ್ತಾ ಹೇಳ್ತಾ ಡ್ರಮ್ ಒಳಗಿಟ್ಟೆ. "ಸಿಕ್ತಮ್ಮ, ಪುಸ್ತಕದೊಳಗೇ ಇತ್ತು" ಅಂದಳು. ಮೆಷಿನ್ ಮುಗಿದು ಡ್ರಮ್ ತೆಗೆದಾಗ ಕಿಂಡಿ ಮುಚ್ಚೋಕೆ ಹೋದರೆ ಆಗಲೇ ಮುಚ್ಚಿತ್ತು. ತೆಗೀವಾಗ ನಾನೇ ಮುಚ್ಚಿದೆನಾ? ಅಥವಾ ಮೊದಲು ತೆರೆದೇ ಇರಲಿಲ್ವಾ? ನೆನಪಿಲ್ಲ. ಆವಿ ತಗುಲಿದ್ದು ತಿಳೀಲಿ ಅಂತ ಡ್ರಮ್ಮಿನ ಮೇಲೆ ಅಂಟಿಸೋ ಟೇಪಿನ ಗೆರೆ ಕಪ್ಪಾಗಿತ್ತು. ಆದರೆ ಅದು ಹೊರಗಿನ ಬಿಸಿಗೂ ಕಪ್ಪಾಗುತ್ತೆ. ಥಿಯೇಟರಿಂದ ಕೂಗ್ತಾ ಇದ್ದರು. ಕೊಟ್ಟುಬಿಟ್ಟೆ.

ಸಂಜೆ ದೇವರ ಮುಂದೆ ಕೂತೆ. ನಾನು ಹೆಸರು ಸಾಲಾಗಿ ಹೇಳ್ತೀನಿ: ಇವರು, ಮಗಳು, ಅತ್ತೆ, ಸತ್ತ ಅಪ್ಪ ಅಮ್ಮ, ತಂಗಿ ಮನೆಯವರು. ಮಧ್ಯ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿಂದ. ಇವತ್ತು ಐದು ಸಲ ಮೊದಲಿಂದ ಹೇಳಿದೆ. ಪಕ್ಕದಲ್ಲಿ ಅತ್ತೆ, ಎದುರುಮನೆಯ ಕೊಳಾಯಿ ನಮ್ಮ ಗೋಡೆಗೆ ಸೋರೋದನ್ನೂ ಸೇರಿಸಿ ದೇವರಿಗೆ ವರದಿ ಒಪ್ಪಿಸ್ತಾ ಇದ್ದರು.

"ಅತ್ತೆ, ಮೆತ್ತಗೆ ಹೇಳಿ. ದೇವರಿಗೇನು ಕಿವುಡಾ?"

"ದೇವರಿಗೆ ಕೇಳುತ್ತೆ ಕಣೇ. ನಿಮಗೆಲ್ಲ ಕೇಳಲಿ ಅಂತ ಗಟ್ಟಿಯಾಗಿ ಹೇಳೋದು."

ಮಾರ್ಚ್ ೫, ಮಂಗಳವಾರ

ಯಾರಿಗೂ ಏನೂ ಆಗಿಲ್ಲ. ಆ ಡ್ರಮ್ಮಿನ ಬಟ್ಟೆ ಎರಡು ಆಪರೇಷನ್ನಿಗೆ ಹೋಗಿದೆ ಅಂತ ರಿಜಿಸ್ಟರಿನಲ್ಲಿ ನೋಡಿದೆ. ಒಬ್ಬರು ಅಂಚೆಯವರು, ಹರ್ನಿಯಾ. ಇನ್ನೊಬ್ಬಳು ಹುಡುಗಿ, ಇಪ್ಪತ್ತು ವರ್ಷ, ಸ್ಕೂಟರಿಂದ ಬಿದ್ದು ಮೊಣಕಾಲ ಕೆಳಗೆ ಮುರಿದು ರಾಡ್ ಹಾಕಿದ್ದಾರೆ. ಹೆಸರು ಈ ಪುಸ್ತಕದಲ್ಲಿ ಬರೆಯಲ್ಲ. ಯಾರ ಕೈಗಾದರೂ ಸಿಕ್ಕಿಬಿಟ್ಟರೆ!

ಅವರಿಬ್ಬರನ್ನೂ ನನ್ನ ಸಾಲಿಗೆ ಸೇರಿಸಿದ್ದೀನಿ, ತಂಗಿ ಮನೆಯವರು ಆದಮೇಲೆ. ಇಬ್ಬರೂ ಹುಷಾರಾದರೆ ಒಂದು ವರ್ಷ ಟೀ ಮುಟ್ಟಲ್ಲ ಅಂತ ದೇವರಿಗೆ ಹೇಳಿದೆ. ಆಮೇಲೆ ಟೀ ತೀರಾ ಸಣ್ಣದಾಯಿತೇನೋ ಅನ್ನಿಸಿ ಸಕ್ಕರೆಯನ್ನೂ ಸೇರಿಸಿದೆ.

ಮಾರ್ಚ್ ೮, ಶುಕ್ರವಾರ

ಹುಡುಗಿಗೆ ಜ್ವರ.

ಸುದ್ದಿ ತಂದದ್ದು ರೇಡಿಯೋ. ವಾರ್ಡಿನ ಹಳೇ ಅಟೆಂಡರು. ಆಸ್ಪತ್ರೆಯಲ್ಲಿ ಯಾರು ಕೆಮ್ಮಿದರೂ ಇವರ ಬಾಯಲ್ಲಿ ಬಿತ್ತರ ಆಗುತ್ತೆ, ಅದಕ್ಕೇ ಆ ಹೆಸರು.

"ಆ ಕಾಲಿನ ಹುಡುಗಿಗೆ ನೂರಾಎರಡಂತೆ. ಯಾಕಕ್ಕ, ನಿಮ್ಮ ಮುಖ ಹಾಗೆ ಬಿಳಿಚಿಕೊಂಡಿದೆ? ನಿಮಗೂ ಜ್ವರವಾ?"

"ಆವಿ ಬಿಸಿ ಕಣಪ್ಪ" ಅಂದೆ.

ಜ್ವರ ಯಾವುದರಿಂದಲೂ ಬರಬಹುದು. ನೋಡೋಕೆ ಬರೋ ನೆಂಟರು ಚಪ್ಪಲಿ ಕಾಲಲ್ಲೇ ಬೆಡ್ಡಿನ ತನಕ ಹೋಗ್ತಾರೆ. ಬಿದ್ದದ್ದು ರಸ್ತೆಯ ಮೇಲೆ, ಮಣ್ಣು ಒಳಗೆ ಹೋಗಿರಬಹುದು. ಇವತ್ತು ನಾನು ದೇವರ ಹತ್ತಿರ ಕೇಳಿದ್ದು ಒಂದೇ: ಬೇರೆ ಕಾರಣ ಇರಲಿ. ಎದ್ದ ಮೇಲೆ ನೆನಪಾಯಿತು, ಜ್ವರ ಇಳೀಲಿ ಅಂತ ಕೇಳೋದನ್ನೇ ಮರೆತಿದ್ದೆ. ಮತ್ತೆ ಕೂತೆ.

ಮಾರ್ಚ್ ೧೧, ಸೋಮವಾರ

ಕೀವು. ಹುಡುಗಿಯನ್ನ ಒಂಟಿ ಕೋಣೆಗೆ ಹಾಕಿದ್ದಾರೆ. ಸೋಂಕು ಮೂಳೆಗೆ ಇಳಿದರೆ ರಾಡ್ ತೆಗೀಬೇಕಂತೆ, ಅದಕ್ಕೂ ಬಗ್ಗದಿದ್ದರೆ ಕಾಲೇ ಹೋಗಬಹುದಂತೆ. ರೇಡಿಯೋ ಹೇಳ್ತಾ ಇದ್ದಾಗ ನನ್ನ ಕೈಯಲ್ಲಿ ಮಡಿಸ್ತಾ ಇದ್ದ ಬಟ್ಟೆ ಎಷ್ಟು ಸಲ ಮಡಿಸಿದೆನೋ, ಕರವಸ್ತ್ರದಷ್ಟು ಆಗಿತ್ತು.

ಮನೆಗೆ ಬರೋವಾಗ ಬೀಗ ಹಾಕಿದೆನಾ ಅಂತ ಆವಿಕೋಣೆಗೆ ಎರಡು ಸಲ ವಾಪಸ್ ಹೋದೆ.

ಇವತ್ತಿನಿಂದ ಪ್ರಾರ್ಥನೆಯಲ್ಲಿ ಮಗಳ ಹೆಸರು ಹೇಳ್ತಾ ಇಲ್ಲ. ಹೇಳೋಕೆ ಹೆದರಿಕೆ. ಇವಳಿಗೂ ಒಬ್ಬ ಮಗಳಿದ್ದಾಳಲ್ಲ, ಎರಡು ಕಾಲೂ ನೆಟ್ಟಗಿರೋಳು, ಅಂತ ದೇವರಿಗೆ ನೆನಪಾಗಿಬಿಟ್ಟರೆ? ಹೇಳದಿದ್ದರೆ ಅವನ ಗಮನಕ್ಕೆ ಬರದೇ ಇರಬಹುದು. ಇವರ ಹೆಸರಿಂದ ನೇರ ಅತ್ತೆಯ ಹೆಸರಿಗೆ ಹಾರ್ತೀನಿ. ಮಗಳನ್ನ ಬಾಗಿಲ ಹಿಂದೆ ಬಚ್ಚಿಟ್ಟ ಹಾಗೆ.

ಮಾರ್ಚ್ ೧೩, ಬುಧವಾರ

ಮನೆಯಲ್ಲಿ ಪ್ರಾರ್ಥನೆ ಆಗ್ತಾ ಇಲ್ಲ. ಅತ್ತೆ ನೋಡ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಆಸ್ಪತ್ರೆಯ ಪ್ರಾರ್ಥನೆ ಕೋಣೆಗೆ ಹೋದೆ. ಲಿಫ್ಟಿನ ಪಕ್ಕ ಇದೆ. ಯಾರು ಬೇಕಾದರೂ ಹೋಗಬಹುದು, ನಾಲ್ಕು ಬೆಂಚು, ಒಂದು ಕಿಟಕಿ, ಗೋಡೆ ಖಾಲಿ. ಬಾಗಿಲ ಹತ್ತಿರ ಒಬ್ಬರು ಗೋಡೆಗೆ ಮುಖ ಮಾಡಿ ನಿಂತಿದ್ದರು, ಮೇಷ್ಟರು ಮೂಲೆಗೆ ನಿಲ್ಲಿಸಿದ ಹಾಗೆ. ಬೆರಳೆಲ್ಲ ಎಣ್ಣೆ ಕಪ್ಪು. ಬಾಯಲ್ಲಿ ಒಂದೇ ಮಾತು, "ನನ್ನ ಮೇಲೆ ಹಾಕು, ಅವಳ ಮೇಲೆ ಬೇಡ."

ನನ್ನನ್ನ ನೋಡಿ ಸರಿದು ದಾರಿ ಬಿಟ್ಟರು. "ಕೂತ್ಕೊಳಿ ತಾಯಿ. ನಾನು ಕೂರೋದಿಲ್ಲ" ಅಂದರು.

ಬೀಗ ರಿಪೇರಿ ಮಾಡೋರಂತೆ, ಮಗಳು ಒಂಟಿ ಕೋಣೆಯಲ್ಲಿದ್ದಾಳಂತೆ. ಹುಡುಗಿಯ ಅಪ್ಪ.

ನಾನು ಕಾಲು ಹೊರಗಿಟ್ಟೆ. ಪ್ರಾರ್ಥನೆ ಮಾಡಲಿಲ್ಲ. ಊಟವೂ ಇಲ್ಲ.

ಮಾರ್ಚ್ ೧೫, ಶುಕ್ರವಾರ

ಯಾಕೆ ಮತ್ತೆ ಅಲ್ಲಿಗೇ ಹೋದೆನೋ. ಕಾಲು ತಾನಾಗೇ ಹೋಯಿತು.

ಬೀಗದವರು ಇದ್ದರು. ಇವತ್ತು ಅವರೇ ಮಾತಿಗೆ ಸಿಕ್ಕರು. ನನ್ನ ಹಸಿರು ಗೌನು ನೋಡಿ, ಇವಳೂ ಆಸ್ಪತ್ರೆಯವಳು, ಇವಳಿಗೆ ಹೇಳಬಹುದು ಅಂದುಕೊಂಡಿರಬೇಕು.

"ಗಾಡಿ ಓಡಿಸ್ತಾ ಇದ್ದದ್ದು ನಾನೇ ತಾಯಿ. ಫೋನ್ ಬಂತು. ಒಂದು ಕೈಯಲ್ಲಿ ತೆಗೆದೆ. ಹಂಪ್ ಬಂದದ್ದು ಕಾಣಲೇ ಇಲ್ಲ. ಹೆಂಡತಿಗೆ ನಾಯಿ ಅಡ್ಡ ಬಂತು ಅಂದೆ. ಮಗಳೂ ಹೌದು ನಾಯಿ ಅಂದಳು, ನನ್ನ ಮಾನ ಉಳಿಸೋಕೆ. ಇಲ್ಲದ ನಾಯಿಗೆ ನನ್ನ ಹೆಂಡತಿ ದಿನಾ ಶಾಪ ಹಾಕ್ತಾಳೆ."

ನಾನು ಪಕ್ಕದ ಬೆಂಚಿನ ಮೇಲೆ ಕೂತು ತಲೆ ಅಲ್ಲಾಡಿಸಿದೆ.

"ಕಾಲು ಮುರಿದದ್ದು ನನ್ನ ತಪ್ಪಿಗೆ, ಸರಿ. ಕೀವು ಯಾಕಾಯಿತು? ಸುಳ್ಳು ಹೇಳಿದ್ದಕ್ಕೆ. ಬಾಯಲ್ಲಿ ಹೊಲಸು ಇಟ್ಟುಕೊಂಡು ಕಾಪಾಡಪ್ಪ ಅಂದರೆ ದೇವರು ಯಾಕೆ ಕೇಳ್ತಾನೆ, ಹೇಳಿ?"

ಬರೆಯೋಕೆ ನಾಚಿಕೆ, ಆದರೂ ಬರೀತೀನಿ. ಆಗ ನನ್ನ ಎದೆ ಹಗುರ ಆಯಿತು. ಅವರದ್ದೂ ತಪ್ಪಿದೆ ಹಾಗಾದರೆ. ದೇವರು ಶಿಕ್ಷೆ ಕೊಡ್ತಾ ಇರೋದು ಅವರಿಗೆ ಇರಬಹುದು, ನನಗಲ್ಲ. ತುಂಬಾ ದಿನ ಆದಮೇಲೆ ಹಸಿವಾಯಿತು. ಕ್ಯಾಂಟೀನಿಗೆ ಹೋಗಿ ಎರಡು ಬನ್ನು ತಿಂದೆ.

"ನೀವು ನಿಜ ಹೇಳಿಬಿಡಿ ಮನೆಯವರಿಗೆ" ಅಂತ ಅವರಿಗೆ ಹೇಳಿದ್ದು ನಾನೇ. ಅದನ್ನೂ ಬರೀಬೇಕಲ್ಲ.

ಮಾರ್ಚ್ ೧೭, ಭಾನುವಾರ

ಅತ್ತೆ ಬೆಳಿಗ್ಗೆ ಹಿಡಿದುಕೊಂಡರು.

"ಏನೇ ಇದು, ಈಚೆಗೆ ದೇವರ ಮುಂದೆ ಕದ್ದ ಬೆಕ್ಕಿನ ಹಾಗೆ ಕೂತಿರ್ತೀಯ? ತುಟಿ ಮಾತ್ರ ಅಲ್ಲಾಡುತ್ತೆ."

"ಎಲ್ಲಾ ಹೇಳ್ತೀನಿ ಅತ್ತೆ, ಮನಸ್ಸಿನಲ್ಲೇ."

"ಮಗು ಹೆಸರು ಹೇಳಿದ್ದು ನನಗೆ ಕೇಳಿ ಆರು ದಿನ ಆಯಿತು. ಪರೀಕ್ಷೆ ನಡೀತಿದೆ ಅವಳಿಗೆ. ಏನು, ಹೊಟ್ಟೇಲಿ ಹುಟ್ಟಿದ ಮಗೂನೇ ಮರೆತುಹೋಯಿತಾ?"

ನಾನು ಪಾತ್ರೆ ತೊಳೆಯೋಕೆ ಹೋದೆ. ಹಿಂದೇನೇ ಬಂದರು.

"ನಿನ್ನ ಗುಬ್ಬಚ್ಚಿ ಎದೆ ನನಗೆ ಗೊತ್ತು. ಏನೋ ಮಾಡಿಕೊಂಡಿದ್ದೀಯ. ನನಗೆ ಹೇಳಬೇಡ, ನಾನು ಗಟ್ಟಿಯಾಗಿ ಹೇಳಿಬಿಡ್ತೀನಿ. ಯಾರಿಗೆ ಹೇಳಬೇಕೋ ಅವರಿಗೆ ಹೇಳು."

"ದೇವರಿಗೆ ಹೇಳಿದ್ದೀನಿ ಅತ್ತೆ."

"ಹೂಂ, ಅವನಿಗೆ ಮೊದಲೇ ಗೊತ್ತಿರುತ್ತೆ. ಗೊತ್ತಿರೋರಿಗೆ ಹೇಳೋದೇನು ದೊಡ್ಡಸ್ತಿಕೆ?"

ಮಾರ್ಚ್ ೧೮, ಸೋಮವಾರ

ಬೆಳಿಗ್ಗೆ ರೇಡಿಯೋ ಹೇಳಿದ್ದು: ಬೀಗದವರು ಹೆಂಡತಿ ಹತ್ತಿರ ಅದೇನೋ ಬಾಯಿಬಿಟ್ಟರಂತೆ. ವಾರ್ಡಿನ ಎದುರೇ ರಂಪ. ಆಯಮ್ಮ, "ನಿನ್ನ ಮುಖ ನೋಡಲ್ಲ, ನನ್ನ ಮಗಳನ್ನೂ ಸುಳ್ಳುಗಾತಿ ಮಾಡಿದೆ" ಅಂತ ಕೂಗಿ ಅಕ್ಕನ ಮನೆಗೆ ಹೊರಟುಹೋದರಂತೆ. ಈಗ ಆ ಹುಡುಗಿ ಹತ್ತಿರ ಅಪ್ಪ ಒಬ್ಬರೇ.

ಹೋಗಿ ನೋಡಿದೆ. ಒಂಟಿ ಕೋಣೆಯ ಹೊರಗೆ ಕೂತಿದ್ದರು. ನನ್ನನ್ನ ನೋಡಿ ಎದ್ದು ನಿಂತರು, ಮುಖದಲ್ಲಿ ಏನೋ ಬೆಳಕು. "ಹೇಳಿಬಿಟ್ಟೆ ತಾಯಿ, ನೀವು ಅಂದ ಹಾಗೆ. ಇನ್ನು ಸುಳ್ಳಿಲ್ಲ. ಇವತ್ತು ಜ್ವರ ಇಳಿಯುತ್ತೆ, ನೋಡ್ತಾ ಇರಿ."

ಅಷ್ಟು ನಂಬಿಕೆಯಿಂದ ಹೇಳಿದರು.

ಇಳೀಲಿಲ್ಲ. ಹನ್ನೊಂದು ಗಂಟೆಗೆ ನೂರಾಮೂರು. ಅವರು ಇನ್ನೂ ಯಾವ ಸುಳ್ಳು ಉಳಿದಿದೆ ಅಂತ ಹುಡುಕ್ತಾ ಇರ್ತಾರೆ ಈಗ. ಹುಟ್ಟಿದಾಗಿನಿಂದ ಹೇಳಿದ್ದನ್ನೆಲ್ಲ ಕೆದಕ್ತಾರೆ. ಅಲ್ಲಿ ಏನಿದೆ ಸಿಗೋಕೆ? ಸಿಗಬೇಕಾದ್ದು ನನ್ನ ಹತ್ತಿರ ಇದೆ.

ಮೊದಲನೇ ದಿನ ಈ ಪುಸ್ತಕದಲ್ಲಿ "ನೆನಪಿಲ್ಲ" ಅಂತ ಬರೆದಿದ್ದೆ. ಸುಳ್ಳು. ಬಿಸಿ ಪಟ್ಟಿ ಮುಚ್ಚೋಕೆ ದಪ್ಪ ಬಟ್ಟೆ ಹಿಡೀಬೇಕು. ಆ ದಿನ ಬಟ್ಟೆ ಮೊಳೆಯ ಮೇಲೆ ಮಡಿಸಿದ ಹಾಗೇ ಇತ್ತು. ನಾನು ಮುಚ್ಚಿರಲಿಲ್ಲ. ತೆರೆದೇ ಇರಲಿಲ್ಲ. ನೋಡಿದೆ, ಗೊತ್ತಾಯಿತು, ಥಿಯೇಟರಿನವರು ಕೂಗ್ತಾ ಇದ್ದಾರೆ, ಮತ್ತೆ ಇಟ್ಟರೆ ಮುಕ್ಕಾಲು ಗಂಟೆ, ಬೈತಾರೆ ಅಂತ ಕೊಟ್ಟೆ. ಬೈಗುಳಕ್ಕೆ ಹೆದರಿ ಕೊಟ್ಟೆ. ನನಗೇ ಸುಳ್ಳು ಬರೆದುಕೊಂಡು, ಅದನ್ನೇ ದೇವರ ಮುಂದೆ ಓದಿದ್ದೀನಿ ಎರಡು ವಾರ.

ಹನ್ನೆರಡು ಗಂಟೆಗೆ ಹಿರೀ ಸಿಸ್ಟರ್ ಕೋಣೆಗೆ ಹೋದೆ. ಥಿಯೇಟರಿಗೆಲ್ಲ ಅವರೇ ಮುಖ್ಯಸ್ಥರು. ನಿಂತುಕೊಂಡೇ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ದಿನ ಆಯಿತು?"

"ಹದಿನಾಲ್ಕು."

"ಹದಿನಾಲ್ಕು ದಿನ ಏನು ಮಾಡ್ತಾ ಇದ್ದೆ?"

"ದೇವರ ಹತ್ತಿರ ಕೇಳ್ತಾ ಇದ್ದೆ ಸಿಸ್ಟರ್. ದಿನಾ. ಅಂಚೆಯವರಿಗೂ ಸೇರಿಸಿ."

"ದೇವರು ಬಂದು ಅವರ ಹೊಲಿಗೆ ಬಿಚ್ಚಿ ನೋಡ್ತಾನಾ? ಆ ಮನುಷ್ಯ ಮನೆಗೆ ಹೋಗಿ ಹತ್ತು ದಿನ ಆಯಿತಲ್ಲೇ!"

ದಿನಾ ಅವರ ಹೆಸರು ಹೇಳಿದ್ದೆ. ಹೆಸರು ಹೇಳಿದ್ದಕ್ಕೇ ಅವರಿಗೆ ನಾನು ಏನೋ ಮಾಡ್ತಾ ಇದ್ದೀನಿ ಅಂದುಕೊಂಡಿದ್ದೆ.

ಸಿಸ್ಟರ್ ಅಷ್ಟರಲ್ಲಿ ಫೋನ್ ಎತ್ತಿದ್ದರು.

ಮಾರ್ಚ್ ೧೯, ಮಂಗಳವಾರ

ಅಂಚೆಯವರನ್ನ ಕರೆಸಿದರು. ಹೊಲಿಗೆಯ ಹತ್ತಿರ ಕೆಂಪಗೆ ಊದಿತ್ತಂತೆ. ಅವರು ಸೈಕಲ್ ತುಳಿದಿದ್ದಕ್ಕೆ ಅಂತ ಅರಿಶಿನ ಹಚ್ಚಿಕೊಂಡು ಸುಮ್ಮನಿದ್ದರಂತೆ. ಇನ್ನೂ ಮೇಲೇ ಇದೆ, ಔಷಧಿಗೆ ಬಗ್ಗುತ್ತೆ ಅಂದರು ಡಾಕ್ಟರು.

ಹುಡುಗಿಗೆ ನಾಳೆ ಮತ್ತೆ ಆಪರೇಷನ್. ಒಳಗೆ ತೊಳೆದು ರಾಡ್ ತೆಗೀತಾರೆ. ಎರಡು ದಿನ ಮುಂದಕ್ಕೆ ಹಾಕೋಣ ಅಂದುಕೊಂಡಿದ್ದರಂತೆ, ನಾನು ಹೇಳಿದ ಮೇಲೆ ತಡಮಾಡಲಿಲ್ಲ.

ನನ್ನ ಹೇಳಿಕೆ ಬರೆಸಿಕೊಂಡರು. ಕೆಳಗೆ ಸಿಸ್ಟರ್ ತಮ್ಮದೂ ಬರೆದರು. ಡ್ರಮ್ಮಿನೊಳಗೆ ಒಂದು ಚೀಟಿ ಇರುತ್ತೆ, ಆವಿ ಒಳಗೆ ಹೋಗಿದ್ದರೆ ಬಣ್ಣ ತಿರುಗುತ್ತೆ. ಥಿಯೇಟರಿನಲ್ಲಿ ಡ್ರಮ್ ತೆರೆದವರು ಅದನ್ನ ನೋಡಬೇಕಿತ್ತು, ನೋಡಿಲ್ಲ. "ಇದು ನಮ್ಮ ಕಡೆಯ ತಪ್ಪು. ನಿನ್ನ ತಪ್ಪಿನ ಹಿಂದೆ ನಾನು ಅಡಗಿಕೊಳ್ಳಲ್ಲ" ಅಂದರು. ಡಾಕ್ಟರು ಕೀವು ಇದರಿಂದಲೇ ಬಂತು ಅಂತ ಖಂಡಿತ ಹೇಳೋಕೆ ಆಗಲ್ಲ ಅಂದರು.

ಹೋದ ವಾರ ಈ ಮಾತು ಕೇಳಿದ್ದರೆ ಕುಣಿದಾಡ್ತಿದ್ದೆ.

ಇವರಿಗೆ, ಅತ್ತೆಗೆ ಎಲ್ಲಾ ಹೇಳಿದೆ. ಇವರು ಅರ್ಧ ಊಟಕ್ಕೇ ಕೈ ತೊಳೆದುಕೊಂಡರು. ಅತ್ತೆ ಗಟ್ಟಿಯಾಗಿ ಏನೂ ಹೇಳಲಿಲ್ಲ.

ಮಾರ್ಚ್ ೨೨, ಶುಕ್ರವಾರ

ಆಸ್ಪತ್ರೆಯವರು ಬೀಗದವರಿಗೆ ವಿಷಯ ತಿಳಿಸಿದ್ದರು, "ಸಿಬ್ಬಂದಿಯ ತಪ್ಪು" ಅಂತ. ಯಾರು ಅಂತ ಹೇಳಿರಲಿಲ್ಲ. ನೀನು ಹೋಗಲೇಬೇಕು ಅಂತಿಲ್ಲ ಅಂದರು ಸಿಸ್ಟರ್. ಹೋದೆ. ಪ್ರಾರ್ಥನೆ ಕೋಣೆಯಲ್ಲಿ ಇರಲಿಲ್ಲ, ನೀರಿನ ಫಿಲ್ಟರಿನ ಹತ್ತಿರ ಬಾಟಲಿ ತುಂಬಿಸ್ತಾ ಇದ್ದರು.

"ಆ ಸಿಬ್ಬಂದಿ ನಾನೇ" ಅಂದೆ.

ಅರ್ಥ ಆಗಲಿಲ್ಲ ಮೊದಲು. ಆಮೇಲೆ ಬಾಟಲಿ ತುಂಬಿ ಹರಿದು ಅವರ ಚಪ್ಪಲಿ ಮೇಲೆಲ್ಲ ನೀರು.

"ಆವತ್ತು ನಾನು ಹೇಳಿದಾಗ... ನಾಯಿ ವಿಷಯ... ಆವಾಗಲೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೆಂಡತಿಗೆ ಹೇಳಿಬಿಡಿ ಅಂದದ್ದು?"

"ನಾನೇ."

ನಲ್ಲಿ ನಿಲ್ಲಿಸಿದರು. ಹೊಡೀತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಡ್ರಮ್ಮು ಗಿಮ್ಮು ನನಗೆ ಗೊತ್ತಿಲ್ಲಮ್ಮ. ನಾನೂ ಕೈಕೆಲಸದವನು. ಬೀಗ ಸರಿಮಾಡೋಕೆ ಹೋಗಿ ಬಾಗಿಲೇ ಕೆಡಿಸಿದ್ದೀನಿ ಎಷ್ಟೋ ಸಲ. ಅದನ್ನ ಏನೋ ಒಂದು ಅಂದುಕೊಳ್ಳಬಹುದು. ಪಕ್ಕದಲ್ಲಿ ಕೂತು ಕೇಳಿಸಿಕೊಂಡೆಯಲ್ಲ, ತಲೆ ಅಲ್ಲಾಡಿಸಿಕೊಂಡು. ಅದು..."

ನನಗೆ ಸುಮ್ಮನಿರೋಕೆ ಬರಲಿಲ್ಲ, ಹುಡುಗಿಯ ಹೆಸರು ಹಿಡಿದು, ಅವಳಿಗೋಸ್ಕರ ದಿನಾ ಕೇಳಿಕೊಳ್ತೀನಿ ಅಂದೆ.

"ಬೇಡ" ಅಂದರು. "ನನ್ನ ಮಗಳ ಹೆಸರು ನಿನ್ನ ಬಾಯಲ್ಲಿ ಬರಬಾರದು. ದೇವರ ಹತ್ತಿರಾನೂ ಎತ್ತಬೇಡ. ಕೈ ಮುಗೀತೀನಿ."

ಕಪ್ಪು ಬೆರಳಿನ ಎರಡು ಕೈ ಎತ್ತಿ ನಿಜವಾಗಲೂ ಮುಗಿದರು.

ಮಾರ್ಚ್ ೨೩, ಶನಿವಾರ

ಸಂಜೆ ಕೂತೆ. ಮಗಳ ಹೆಸರು ಹೇಳಿದೆ, ಎರಡನೆಯದಾಗಿ, ಅದರ ಜಾಗದಲ್ಲೇ. ತಂಗಿ ಮನೆಯವರು, ಅಂಚೆಯವರು ಆದಮೇಲೆ ಬಾಯಿ ತನ್ನಷ್ಟಕ್ಕೆ ಆ ಹೆಸರಿಗೆ ಹೋಯಿತು. ಕಚ್ಚಿ ಹಿಡಿದೆ. ಒಂದು ಹೆಸರು ಹೇಳೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನಿದ್ದು ಎದ್ದೆ.

ಮಾರ್ಚ್ ೩೦, ಶನಿವಾರ

ನನ್ನನ್ನ ಆವಿಕೋಣೆಯಿಂದ ತೆಗೆದು ಬಟ್ಟೆ ಒಗೆಯೋ ವಿಭಾಗಕ್ಕೆ ಹಾಕಿದ್ದಾರೆ. ಹಿಂದಿನ ಕಟ್ಟಡ, ಮೂರು ದೊಡ್ಡ ಮೆಷಿನ್ನು, ನೆಲ ಯಾವಾಗಲೂ ಒದ್ದೆ. ವಾರ್ಡಿನ ಬಟ್ಟೆ ಬಿಳಿ ಚೀಲದಲ್ಲಿ ಬರುತ್ತೆ. ಸೋಂಕಿನ ಕೋಣೆಯದ್ದು ಹಳದಿ ಚೀಲದಲ್ಲಿ, ಬೇರೆ. ಅದನ್ನ ಗ್ಲೌಸ್ ಹಾಕಿ ಬಿಚ್ಚಿ ಔಷಧಿ ನೀರಲ್ಲಿ ನೆನೆಸಬೇಕು. ಯಾರೂ ಮುಟ್ಟೋಕೆ ಇಷ್ಟಪಡಲ್ಲ.

ಈಗ ಆಸ್ಪತ್ರೆಯಲ್ಲಿ ಹಳದಿ ಚೀಲ ಬರೋದು ಒಂದೇ ಕೋಣೆಯಿಂದ. ನಾನು ಮಾಡ್ತೀನಿ ಅಂದೆ.

ಹಾಸಿಗೆ ಬಟ್ಟೆಯ ಕೆಳತುದಿಯಲ್ಲಿ ಕಲೆ, ತಟ್ಟೆಯಗಲ.

ಏಪ್ರಿಲ್ ೨, ಮಂಗಳವಾರ

ಅಂಗೈಯಗಲ. ಆದರೆ ನಿನ್ನೆಗಿಂತ ಹಳದಿ ಜಾಸ್ತಿ. ಗೊತ್ತಾಗಲ್ಲ.

ಮಗಳ ಪರೀಕ್ಷೆ ಮುಗಿಯಿತು. ಗಣಿತ ಕೈಕೊಟ್ಟಿದೆಯಂತೆ.

ಏಪ್ರಿಲ್ ೫, ಶುಕ್ರವಾರ

ನಾಣ್ಯದಷ್ಟು.

ಏಪ್ರಿಲ್ ೯, ಮಂಗಳವಾರ

ಬೆಳಿಗ್ಗೆ ರೇಡಿಯೋ ಗಾಡಿ ತಳ್ಳಿಕೊಂಡು ಬಂದರು. ಬಿಳಿ ಚೀಲ ಒಂದೊಂದೇ ಇಳಿಸಿದರು. ಗಾಡಿ ಖಾಲಿ ಆಯಿತು. ಹಳದಿ ಚೀಲ ಇಲ್ಲ.

ಕೋಣೆ ಖಾಲಿ ಆಗೋದು ಎರಡು ಥರ. ಗಾಡಿ ಹಿಡಿದು ನಿಂತುಬಿಟ್ಟೆ.

"ಏನಕ್ಕ, ನನ್ನ ಗಾಡಿ ಮೇಲೆ ಕಣ್ಣು ಬಿತ್ತಾ? ಬಿಡಿ, ಇನ್ನೂ ಮೂರು ವಾರ್ಡಿದೆ."

"ಹಳದಿ ಚೀಲ?"

"ಓ, ಅದಾ. ಆ ಕಾಲಿನ ಹುಡುಗೀನ ನಿನ್ನೆ ಸಾಯಂಕಾಲ ಜನರಲ್ ವಾರ್ಡಿಗೆ ತಂದರು. ಕೀವು ನಿಂತಿದೆಯಂತೆ. ಕಾಲು ಉಳೀತು. ಕುಂಟು ಇರುತ್ತೋ ಏನೋ, ಅದು ಮುಂದಿನ ಮಾತು. ಅವಳ ತಾಯೀನೂ ಬಂದಿದ್ದಾರೆ. ಗಂಡನ ಜೊತೆ ಮಾತಿಲ್ಲ. ಅವರು ತಂದ ಬಾಟಲಿ ನೀರು ಮಾತ್ರ ಕುಡೀತಾರೆ, ಅಷ್ಟಾಗಿದೆ."

ರೇಡಿಯೋ ಹೋದರು. ಜನರಲ್ ವಾರ್ಡಿನ ಚೀಲ ಬಿಚ್ಚಿದೆ. ಇಪ್ಪತ್ತೆರಡು ಹಾಸಿಗೆ ಬಟ್ಟೆ, ಎಲ್ಲದರ ಮೇಲೂ ಒಂದೇ ಮುದ್ರೆ. ಅವಳದ್ದು ಯಾವುದು ಅಂತ ಹುಡುಕಲಿಲ್ಲ. ಎಲ್ಲಾ ಒಂದೇ ನೀರಿಗೆ ಹಾಕಿದೆ.